ಸೊನ್ನೆಯ ತುದಿ

ಟೇಪಿನ ಈ ತುದಿ ಹಿಡಿದುಕೊಳ್ಳಿ ಅಕ್ಕಾ, ಅಂದ ಭವಿತ್.
ಹಿಡಿದೆ. ಸೊನ್ನೆ ನನ್ನ ಹೆಬ್ಬೆರಳ ಕೆಳಗೆ,
ಅಂಕಿಗಳೆಲ್ಲ ಅವನ ಕಡೆಗೆ.

ಪೆರಾಜೆ ಕಡೆಯ ಹುಡುಗ, ಮೊದಲ ನೌಕರಿ,
ಮಡಿಕೇರಿಯ ಚಳಿಗೆ ಇನ್ನೂ ಒಗ್ಗದ ಕಿವಿ, ಮಫ್ಲರು.
ಕಟ್ಟಡಕ್ಕೆ ನೂರಮೂವತ್ತು ವರ್ಷವಂತೆ,
ಮೊದಲು ಯಾರದೋ ಕಚೇರಿ, ಆಮೇಲೆ ವಿಶ್ವವಿದ್ಯಾಲಯದ ಗ್ರಂಥಾಲಯ.
ಕುಲಸಚಿವರ ಪಟ್ಟಿ ಅವನ ಜೇಬಿನಲ್ಲಿ:
ಹೆಂಚು ಇಳಿಸಿ ತಗಡು,
ಮರದ ಜಂತೆ ಕಾಣದ ಹಾಗೆ ಬಿಳಿ ಚಾವಣಿ,
ಲಿಫ್ಟು, ಗಾಜಿನ ಬಾಗಿಲು,
ಕೊನೆಗೆ, ಅಡಿಗೆರೆ ಎಳೆದು,
ಪಾರಂಪರಿಕ ನೋಟಕ್ಕೆ ಧಕ್ಕೆಯಾಗಕೂಡದು.

ಎಲ್ಲಿ ಸೋರುತ್ತದೆ, ಕೇಳಿದ.
ನಕ್ಷೆಯಲ್ಲಿ ತೋರಿಸಲು ನನಗೆ ಬಾರದು.
ಕಪಾಟುಗಳ ಮುಂದೆ ನಿಂತು ಹೇಳಿದೆ:
ಕಕ್ಕಡದ ಮೊದಲ ವಾರ ಸಸ್ಯಶಾಸ್ತ್ರ ನೆನೆಯುತ್ತದೆ,
ಎರಡನೇ ವಾರ ಕಾನೂನು.
ವ್ಯಾಕರಣದ ಮೇಲೆ ಹನಿ ಬಿದ್ದದ್ದು ಒಂದೇ ವರ್ಷ,
ಗುಡ್ಡ ಜಾರಿದ ವರ್ಷ.
ಆಗ ಈ ಓದುವ ಮೇಜುಗಳ ಮೇಲೆ ಮಕ್ಕಳು ಮಲಗಿದ್ದರು,
ವಿಶ್ವಕೋಶದ ಸಂಪುಟಗಳೇ ದಿಂಬು;
ಹದಿನಾಲ್ಕನೆಯದಕ್ಕೆ ಇವತ್ತಿಗೂ ತೆಂಗಿನೆಣ್ಣೆಯ ವಾಸನೆ.

ಇಪ್ಪತ್ತಮೂರು ಮಳೆಗಾಲ
ಒದ್ದೆ ಪುಸ್ತಕ ಬಿಡಿಸಿ, ನಡುನಡುವೆ ಪತ್ರಿಕೆಯ ಹಾಳೆ ಇಟ್ಟು,
ಅರವತ್ತು ವಾಟಿನ ಬಲ್ಬಿನ ಕೆಳಗೆ
ಕೋಳಿಮರಿಗೆ ಕಾವು ಕೊಟ್ಟ ಹಾಗೆ ಒಣಗಿಸಿದ್ದೇನೆ.
ಕರೆಂಟು ಹೋದ ದಿನ ಮಡಿಲಲ್ಲಿಟ್ಟು ಕೂತದ್ದೂ ಉಂಟು.
ಎಸ್ಟಿಮೇಟಿನಲ್ಲಿ ಅದಕ್ಕೆ ಕಲಂ ಇಲ್ಲ; ನಾನು ಕೇಳಲೂ ಇಲ್ಲ.

ನಾಪೋಕ್ಲಿನಿಂದ ಮೇಸ್ತ್ರಿ ಮೊಯಿದು ಬಂದರು,
ಗೋಡೆಯ ಗಾರೆ ಉಗುರಲ್ಲಿ ಕೆರೆದು
ನಾಲಿಗೆಯ ತುದಿಗಿಟ್ಟರು, ಕಣ್ಣು ಮುಚ್ಚಿ.
ಬೆಲ್ಲ ಉಂಟು. ಅಳಲೆಕಾಯಿ ಉಂಟು.
ಭವಿತ್ ದರಪಟ್ಟಿ ತಿರುವಿದ:
ಅಳಲೆಕಾಯಿಗೆ ದರ ಇಲ್ಲ ಮೇಸ್ತ್ರಿ.
ಹಾಗಾದ್ರೆ ಸಿಮೆಂಟ್ ಅಂತ ಬರೀರಿ,
ಎರಡು ಮಳೆ ಕಳೆದು ನನ್ನನ್ನೇ ಕರೀರಿ,
ಅಂದವರೇ ಬಾಯಿ ಮುಕ್ಕಳಿಸಲು ಹೊರಗೆ ನಡೆದರು.

ಹೊರಗೆ ಅಳೆದೆವು: ಅರವತ್ತೆರಡು ಅಡಿ.
ಒಳಗೆ ಅಳೆದೆವು. ಗೋಡೆಗಳ ದಪ್ಪ ಕೂಡಿಸಿದ, ಕಳೆದ,
ಮತ್ತೆ ಕೂಡಿಸಿದ.
ಮೂರಡಿ ಕಾಣೆ.
ನೀವು ಸೊನ್ನೆ ಸರಿಯಾಗಿ ಹಿಡಿದಿಲ್ಲ, ಅಂದ.
ಹಿಡಿದೆ, ಉಗುರು ಬಿಳಿಚುವಷ್ಟು ಒತ್ತಿ.
ಮತ್ತೂ ಮೂರಡಿ ಕಾಣೆ.

ಭೂಗರ್ಭಶಾಸ್ತ್ರದ ಕಪಾಟು ಸರಿಸಿದೆವು, ನಾಲ್ಕು ಜನ.
ಮೊಯಿದು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರು,
ಹಲಸು ತಟ್ಟಿ ನೋಡುವ ಹಾಗೆ.
ಒಂದು ಕಡೆ ಸದ್ದು ಹಣ್ಣಾಗಿತ್ತು.
ಒಂದು ಇಟ್ಟಿಗೆ. ಇನ್ನೊಂದು.
ಒಳಗಿಂದ ತಣ್ಣನೆ ಗಾಳಿ, ಬಾವಲಿ ಹಿಕ್ಕೆ,
ಕೈ ಚಾಚಿದರೆ ಮೊಣಕೈವರೆಗೂ ಮಸಿ,
ತುಕ್ಕು ಹಿಡಿದ ಸರಳು, ಅರ್ಧ ಉರಿದ ಕಾಫಿ ಬೊಡ್ಡೆ.
ಅಗ್ಗಿಷ್ಟಿಕೆ.

ನನಗೆ ನಗು ಬಂತು, ನಿಲ್ಲಲಿಲ್ಲ.
ಇಪ್ಪತ್ತಮೂರು ಮಳೆ ಬಲ್ಬಿನ ಕೆಳಗೆ;
ಬೆನ್ನ ಹಿಂದೆ, ಕಲ್ಲುಗಳ ಕುರಿತ ಪುಸ್ತಕಗಳ ಆಚೆ,
ಒಲೆ!

ಫೋನಿನಲ್ಲಿ ಕುಲಸಚಿವರು:
ಪುಸ್ತಕದ ಮನೆಯಲ್ಲಿ ಬೆಂಕಿಯೇ? ಮುಚ್ಚಿ, ಬಣ್ಣ ಹೊಡೀರಿ.
ಆಗಲಿ ಸರ್ ಅಂದ ಭವಿತ್, ಐದು ಸಲ.
ಆಮೇಲೆ ಪೆನ್ಸಿಲು ಚೂಪು ಮಾಡಿ
ನಕ್ಷೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಆ ಮೂರಡಿ ಬರೆದ.
ಚುಕ್ಕೆ ಗೆರೆ ಅಂದ್ರೆ?
ಇದೆ ಅಂತ ಅಕ್ಕಾ. ಮುಂದೆ ಬರುವವರಿಗೆ ಗೊತ್ತಾಗ್ಲಿ.

ಬಿಡಿ ಈಗ, ಅಂದ. ಸೊನ್ನೆ ಬಿಟ್ಟೆ.
ನೆಲದುದ್ದ ಸರ್ರನೆ ಓಡಿ ಅವನ ಮುಷ್ಟಿ ಸೇರಿತು.

ನಾಲ್ಕೂವರೆಗೆ ಅಮ್ಮತ್ತಿಯ ಹುಡುಗಿಯೊಬ್ಬಳು
ಕಾಳುಮೆಣಸಿನ ಸೊರಗು ರೋಗದ ಪುಸ್ತಕ ಕೇಳಿಕೊಂಡು ಬಂದಳು.
ತಾರೀಕಿನ ಚೀಟಿಯಲ್ಲಿ, ಮೊಹರಿನ ಪಕ್ಕ,
ನನ್ನ ಹೆಬ್ಬೆಟ್ಟು, ಕಪ್ಪಗೆ.
ಒರೆಸಿದೆ, ಇನ್ನಷ್ಟು ಹರಡಿತು.
ಮೂಗಿನ ಹತ್ತಿರ ಹಿಡಿದಳು: ಹೊಗೆ ವಾಸನೆ ಮೇಡಂ.
ಹೌದು, ಅಂದೆ.
ಹದಿನೈದು ದಿನ. ತಡವಾದರೆ ದಂಡ.